ಸುರಪುರ ಸೀಮೆಯ ಮನೆಬಾಳಿನಲ್ಲಿ ನೆಲಗಪ್ಪೆ

ನಮ್ಮ ದೇಶದಲ್ಲಿ ಮನುಷ್ಯನಿಗೂ ಪ್ರಾಣಿಗಳಿಗೂ ಇದ್ದ ಸಂಬಂಧದ ಚರಿತ್ರೆಯನ್ನು ಬರೆದವರು ಆನೆ, ಕುದುರೆ, ಗೋವುಗಳನ್ನು ಕುರಿತು ವಿಪುಲವಾಗಿ ಬರೆದಿರುವರು. ಗಿಳಿ, ಪಾರಿವಾಳ, ನವಿಲುಗಳಿಗೂ ಅಲ್ಲಿ ಸ್ಥಾನ ದೊರೆತಿದೆ. ಆದರೆ ಕಪ್ಪೆಯನ್ನು ಮನೆಯಲ್ಲಿ ಇರಿಸಿಕೊಳ್ಳುವ ಮಾತನ್ನು ಎತ್ತಿದರೆ ನಗುವವರೇ ಹೆಚ್ಚು. ಯಾದಗಿರಿ, ಶಹಾಪುರ, ಸುರಪುರ ಈ ಮೂರು ತಾಲ್ಲೂಕುಗಳ ಜನಜೀವನವನ್ನು ನೀರಿನ ದೃಷ್ಟಿಯಿಂದ ಪರಿಶೀಲಿಸತೊಡಗಿದಾಗ, ಈ ನಗೆ ಅಷ್ಟೊಂದು ಯುಕ್ತವಲ್ಲವೆಂದು ನಮಗೆ ತೋರಿತು. ಇಲ್ಲಿಯ ಹಳೆಯ ಮನೆಗಳಲ್ಲಿ ನೆಲಗಪ್ಪೆಗೆ ಒಂದು ನಿಶ್ಚಿತವಾದ ಎಡೆಯಿದ್ದಿತು. ಆ ಎಡೆ ಸಾಕಿದ ಪ್ರಾಣಿಯದಲ್ಲ. ಹಾಗೆಂದು ಕಾಡುಪ್ರಾಣಿಯದೂ ಅಲ್ಲ. ಒಡೆತನವಿಲ್ಲದ ಪಾಲನೆ ಎಂಬುದೊಂದು ಇರಬಹುದಾದರೆ, ಅದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಈ ಪಾಲನೆಯ ಸ್ವರೂಪವನ್ನೂ, ಅದರ ಹಿಂದಿರುವ ತಿಳಿವಳಿಕೆಯನ್ನೂ ವಿವೇಚಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಪ್ರಾಣಿಯ ವಿಷಯ. ನೆಲದ ಮೇಲೆ ಬಾಳುವ ಕಪ್ಪೆಗಳಲ್ಲಿ ಮೂರು ಬಗೆಯವು ನಮ್ಮ ಪ್ರಸ್ತಾಪಕ್ಕೆ ಬರುತ್ತವೆ. ಮೈತುಂಬ ಗುಳ್ಳೆಗಳುಳ್ಳ, ಕಣ್ಣಿನ ಹಿಂದೆ ಉಬ್ಬಿದ ಗ್ರಂಥಿಗಳುಳ್ಳ, ನೆಗೆತ ಕಡಿಮೆಯಾದ ನೆಲಗಪ್ಪೆ ಮೊದಲನೆಯದು. ಷ್ನೈಡರ್ ಎಂಬ ಜರ್ಮನ್ ವಿದ್ವಾಂಸನು ೧೭೯೯ರಲ್ಲಿ ಇದನ್ನು ಶಾಸ್ತ್ರೀಯವಾಗಿ ವರ್ಣಿಸಿದನು. ಬಹುಕಾಲ ‘ಬ್ಯೂಫೋ’ ಎಂಬ ಕುಲನಾಮದಿಂದ ಕರೆಯಲಾಗುತ್ತಿದ್ದ ಇದಕ್ಕೆ, ೨೦೦೬ರಲ್ಲಿ ಭಾರತದ ಕಪ್ಪೆತಜ್ಞರಾದ ಸುಶೀಲಕುಮಾರ ದತ್ತರ ಗೌರವಾರ್ಥವಾಗಿ ‘ದತ್ತಾಫ್ರೈನಸ್’ ಎಂಬ ಹೆಸರು ಸಂದಿತು. ಎರಡನೆಯದು, ಮಳೆ ಬಿದ್ದೊಡನೆ ಗಂಡು ಅರಿಸಿನದ ಬಣ್ಣ ತಾಳಿ ಗಂಟಲ ನೀಲಿ ಚೀಲಗಳನ್ನು ಉಬ್ಬಿಸಿ ಕೂಗುವ ದೊಡ್ಡ ಕಪ್ಪೆ. ಮೂರನೆಯದು ಬಿಲಗಪ್ಪೆ, ಹಿಂಗಾಲಿನ ಗಟ್ಟಿಯಾದ ಗುಬುಟಿನಿಂದ ಮಣ್ಣನ್ನು ತೋಡುತ್ತ ಹಿಂದುಹಿಂದಾಗಿ ನೆಲದೊಳಗೆ ಇಳಿದು, ಮುಂದಿನ ಮಳೆಯವರೆಗೂ ಅಲ್ಲಿಯೇ ಇರತಕ್ಕದ್ದು. ಮನೆಯೊಳಗೆ ಬರುವುದು ಬಹುಮಟ್ಟಿಗೆ ಮೊದಲನೆಯದೇ.

ಈ ಸೀಮೆಯ ದಕ್ಷಿಣಕ್ಕೆ ಕೃಷ್ಣೆ ಇದ್ದಾಳೆ, ಭೀಮೆ ಯಾದಗಿರಿಯ ಮಗ್ಗುಲಲ್ಲಿಯೇ ಹರಿದು ಮುಂದೆ ಅವಳನ್ನು ಕೂಡುತ್ತಾಳೆ. ಎರಡು ಮಹಾನದಿಗಳ ನಡುವಿನ ನಾಡಾದರೂ, ನದಿಯ ದಂಡೆಯನ್ನು ಬಿಟ್ಟು ಒಳಕ್ಕೆ ಬಂದವರಿಗೆ ನೀರು ದುರ್ಲಭವಾಗಿದ್ದಿತು. ಬೆಣಚುಕಲ್ಲಿನ ಗುಡ್ಡಗಳು, ಬೇಸಗೆಯಲ್ಲಿ ಕೈ ಇಳಿಯುವಷ್ಟು ಬಿರುಕುಬಿಡುವ ಎರೆಭೂಮಿ, ಜೋಳ ತೊಗರಿಗಳ ಬೇಸಾಯ, ಇವು ಇಲ್ಲಿಯ ಲಕ್ಷಣಗಳು. ಸುರಪುರದ ನಾಯಕ ಅರಸರು ಕೆರೆಗಳನ್ನು ಕಟ್ಟಿಸಿದ್ದು ಈ ಕಾರಣದಿಂದಲೇ. ಬಾಲಕನಾಗಿದ್ದ ರಾಜಾ ವೆಂಕಟಪ್ಪ ನಾಯಕನ ಕಾಲದಲ್ಲಿ, ೧೮೪೧ರಲ್ಲಿ, ಸಂಸ್ಥಾನದ ಆಡಳಿತವನ್ನು ನೋಡಿಕೊಳ್ಳಲು ಬಂದ ಫಿಲಿಪ್ ಮೆಡೋಸ್ ಟೇಲರ್ ೧೮೫೩ರವರೆಗೆ ಇಲ್ಲಿದ್ದು, ಬೋನಾಳದ ಕೆರೆಯನ್ನು ಊರ್ಜಿತಗೊಳಿಸಿದನು. ಆ ಕೆರೆ ಇಂದು ಪಕ್ಷಿಧಾಮವೆಂದು ಪ್ರಸಿದ್ಧವಾಗಿದೆ. ೧೮೫೮ರ ಬಂಡಾಯ, ಅರಸನ ದುರಂತ, ೧೮೬೦ರಲ್ಲಿ ಸಂಸ್ಥಾನವು ನಿಜಾಮನ ವಶವಾದದ್ದು ಇವೆಲ್ಲ ವಿದ್ಯಾರ್ಥಿಗಳಿಗೆ ತಿಳಿದ ಸಂಗತಿಗಳು. ಅವನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ. ಕೆರೆ ಕಟ್ಟಿಸಿದವರ ಹೆಸರುಗಳು ಇತಿಹಾಸದಲ್ಲಿ ಉಳಿದಿವೆ. ಕೆರೆಯಿಂದಲೋ ಬಾವಿಯಿಂದಲೋ ಹೊತ್ತುತಂದ ನೀರು ಮನೆಯೊಳಗೆ ಎಲ್ಲೆಲ್ಲಿ ನಿಂತಿತು, ಎಲ್ಲಿ ಹರಿಯಿತು ಎಂಬುದನ್ನು ಮಾತ್ರ ಇತಿಹಾಸಕಾರರು ಕೇಳಿದ್ದು ಕಡಿಮೆ.

ಕಲ್ಲುಗೋಡೆ, ಮಣ್ಣಿನ ಮಾಳಿಗೆಯ ಹಳೆಯ ಮನೆಯನ್ನು ನೆನೆದುಕೊಳ್ಳೋಣ. ಹೊರಗೆ ಬಿಸಿಲು ಎಷ್ಟೇ ಉರಿಯಲಿ, ಒಳಗೆ ಎರಡು ತಾಣಗಳಲ್ಲಿ ತಂಪು ಆರುತ್ತಿರಲಿಲ್ಲ. ಕುಡಿಯುವ ನೀರಿನ ಹರವಿ, ಕೊಡಗಳನ್ನು ಇರಿಸಿದ ಕಟ್ಟೆಯ ಬುಡ ಒಂದು. ಹಂಡೆಯನ್ನು ಹೂಡಿದ ಬಚ್ಚಲು ಇನ್ನೊಂದು. ಮಣ್ಣಿನ ಹರವಿಯ ಮೈಯಿಂದ ಒಸರುವ ನೀರು ಕೆಳಗಿನ ನೆಲವನ್ನು ಸದಾ ತೇವವಾಗಿ ಇಡುತ್ತಿತ್ತು. ಬಚ್ಚಲಿನ ಚಪ್ಪಡಿಗಳ ಸಂದಿನಿಂದ ಇಳಿದ ನೀರು ಹಿತ್ತಿಲಿನ ಬಾಳೆಯ ಬುಡಕ್ಕೋ ನುಗ್ಗೆಯ ಬುಡಕ್ಕೋ ಹೋಗಿ ಸೇರುತ್ತಿತ್ತು. ನೆಲಗಪ್ಪೆ ಹಗಲೆಲ್ಲ ಈ ಚಪ್ಪಡಿಯ ಕೆಳಗೆ ಅಡಗಿದ್ದು, ದೀಪ ಹಚ್ಚುವ ಹೊತ್ತಿಗೆ ಹೊರಬಂದು, ಬೆಳಕಿಗೆ ಮುತ್ತುವ ಹುಳುಗಳನ್ನು ತಿನ್ನುತ್ತಿತ್ತು. ದನಗಳನ್ನೂ ಮನೆಯೊಳಗೇ ಕಟ್ಟುವ ರೂಢಿಯಿದ್ದುದರಿಂದ ಗೋದಲಿಯ ಸುತ್ತ ನೊಣ, ಹುಳುಗಳಿಗೆ ಕೊರತೆಯಿರಲಿಲ್ಲ. ಅದು ದಾರಿಗೆ ಅಡ್ಡ ಬಂದರೆ ಹೆಣ್ಣುಮಕ್ಕಳು ಕಸಬರಿಗೆಯಿಂದ ಮೆಲ್ಲಗೆ ಸರಿಸುತ್ತಿದ್ದರೇ ಹೊರತು ಹೊಡೆಯುತ್ತಿರಲಿಲ್ಲ. ಕಪ್ಪೆಯ ಬೆನ್ನು ಹತ್ತಿ ಹಾವು ಬಂದೀತೆಂಬ ಅಂಜಿಕೆಯೇನೋ ಇದ್ದೇ ಇತ್ತು. ಆ ಅಂಜಿಕೆ ನಿರಾಧಾರವಾದುದೂ ಅಲ್ಲ. ಆದರೂ ಕಪ್ಪೆ ಉಳಿಯಿತು. ಅದಕ್ಕೆ ಹೆಸರಿಡಲಿಲ್ಲ, ಉಣಿಸಲಿಲ್ಲ, ಕೈಯಲ್ಲಿ ಹಿಡಿಯಲಿಲ್ಲ. ಸ್ನಾನದ ನೀರು ಚೆಲ್ಲಿದಾಗಲೆಲ್ಲ ಅದರ ಪಾಲೂ ಅದಕ್ಕೆ ಸಂದಿತು, ಅಷ್ಟೆ.

ಇದನ್ನು ಇಂಗ್ಲೆಂಡಿನ ಒಂದು ಪ್ರಸಂಗದೊಡನೆ ಹೋಲಿಸಬಹುದು. ಗಿಲ್ಬರ್ಟ್ ವೈಟ್ ಎಂಬ ಪಾದ್ರಿ ತನ್ನ ಸೆಲ್ಬೋರ್ನ್ ಗ್ರಾಮದ ಪ್ರಕೃತಿಚರಿತ್ರೆಯನ್ನು ೧೭೮೯ರಲ್ಲಿ ಪ್ರಕಟಿಸಿದನು. ಕೆಲವರು ಹೆಂಗಸರು ಒಂದು ನೆಲಗಪ್ಪೆಯನ್ನು ವರ್ಷಾನುವರ್ಷ ಹುಳುಗಳನ್ನು ತಿನ್ನಿಸಿ ಬೆಳೆಸಿದುದನ್ನು ಅವನು ಅದರಲ್ಲಿ ಬಣ್ಣಿಸಿರುವನು. ತೋಟದ ಮೆಟ್ಟಿಲ ಕೆಳಗಣ ಬಿಲದಿಂದ ಸಂಜೆಗೆ ಹೊರಬರುತ್ತಿದ್ದ ಆ ಕಪ್ಪೆಯನ್ನು ಊಟವಾದ ಮೇಲೆ ಮೇಜಿನ ಮೇಲೆ ಎತ್ತಿಟ್ಟು ಉಣಿಸುತ್ತಿದ್ದರಂತೆ. ಕೊನೆಗೆ ಸಾಕಿದ ಕಾಡುಕಾಗೆಯೊಂದು ಅದರ ಕಣ್ಣನ್ನು ಕುಕ್ಕಿತು. ವೈಟನ ಮಿತ್ರನಾದ ಪೆನ್ನಂಟ್, ಡೆವನ್ ಪ್ರಾಂತದ ಮನೆಯೊಂದರ ಮೆಟ್ಟಿಲಡಿಯಲ್ಲಿ ಮೂವತ್ತಾರು ವರ್ಷ ಬಾಳಿದ ಇಂತಹದೇ ಕಪ್ಪೆಯ ವೃತ್ತಾಂತವನ್ನು ಕೊಟ್ಟಿರುವನು. ಅಲ್ಲಿ ಮೆಟ್ಟಿಲಡಿ, ಇಲ್ಲಿ ಬಚ್ಚಲ ಚಪ್ಪಡಿ. ಪ್ರಾಣಿಯ ಬಯಕೆ ಎರಡೂ ಕಡೆ ಒಂದೇ. ಮನುಷ್ಯರ ವರ್ತನೆ ಮಾತ್ರ ಬೇರೆ. ಅಲ್ಲಿಯವರು ಅನ್ನವನ್ನು ಕೊಟ್ಟರು, ಇಲ್ಲಿಯವರು ನೀರನ್ನು ಕೊಟ್ಟರು.

ಈ ಭೇದವು ಮೇಲುನೋಟಕ್ಕೆ ತೋರುವುದಕ್ಕಿಂತ ಹೆಚ್ಚು ಮಹತ್ತ್ವದ್ದು. ಕಪ್ಪೆಯು ಬಾಯಿಂದ ನೀರು ಕುಡಿಯುವುದಿಲ್ಲ. ಹೊಟ್ಟೆಯ ಅಡಿಭಾಗದ, ತೊಡೆಗಳ ನಡುವಿನ ತೆಳುವಾದ ಚರ್ಮದಿಂದ ಹೀರಿಕೊಳ್ಳುತ್ತದೆ. ಒದ್ದೆಯ ನೆಲದ ಮೇಲೆ ಸುಮ್ಮನೆ ಕುಳಿತರೂ ಅದಕ್ಕೆ ನೀರಡಿಕೆ ತೀರುತ್ತದೆ. ಪಾಶ್ಚಾತ್ಯ ಶಾಸ್ತ್ರದಲ್ಲಿ ಇದನ್ನು ಪ್ರಯೋಗಗಳಿಂದ ತೋರಿಸಿಕೊಟ್ಟವನು ರಾಬರ್ಟ್ ಟೌನ್ಸನ್. ಕಾಲ ಹದಿನೆಂಟನೆಯ ಶತಮಾನದ ಕೊನೆಯ ದಶಕ. ಸ್ವಾರಸ್ಯದ ಮಾತೆಂದರೆ, ಅವನು ಈ ಸತ್ಯವನ್ನು ಕಂಡುಕೊಂಡುದು ತಾನು ಮನೆಯಲ್ಲಿ ಅಕ್ಕರೆಯಿಂದ ಸಾಕಿದ್ದ ಮರಗಪ್ಪೆಗಳ ನೆರವಿನಿಂದ. ಅವುಗಳಿಗೆ ಡೇಮನ್, ಮ್ಯೂಸಿಡೋರಾ ಎಂದು ಕಾವ್ಯದ ಹೆಸರುಗಳನ್ನೂ ಇಟ್ಟಿದ್ದನು. ಅವನ ಶೋಧವು ಬಹುಕಾಲ ಮರೆವಿಗೆ ಸಂದಿದ್ದಿತು. ಅದೇ ತಿಳಿವಳಿಕೆಯು ನಮ್ಮ ನಾಡಿನಲ್ಲಿ ಯಾರೊಬ್ಬರ ಹೆಸರಿನಲ್ಲಿಯೂ ಇಲ್ಲ. ಅದು ಒಂದು ಆಚರಣೆಯೊಳಗೆ ಸೇರಿಕೊಂಡಿದೆ.

ಆ ಆಚರಣೆಯೇ ಮಳೆಗಾಗಿ ಕಪ್ಪೆಯನ್ನು ಮನೆಮನೆಗೆ ಒಯ್ಯುವುದು. ಎಡ್ಗರ್ ಥರ್ಸ್ಟನ್ ಇಪ್ಪತ್ತನೆಯ ಶತಮಾನದ ಆದಿಯಲ್ಲಿ, ತೆಲುಗುನಾಡಿನ ಕಾಪು ಒಕ್ಕಲಿಗರಲ್ಲಿ ಇದು ಹೇಗೆ ನಡೆಯುತ್ತಿದ್ದಿತೆಂಬುದನ್ನು ದಾಖಲಿಸಿರುವನು. ಮಳೆ ತಪ್ಪಿದಾಗ ಹೆಂಗಸರು ಕಪ್ಪೆಯೊಂದನ್ನು ಹಿಡಿದು ಬಿದಿರಿನ ಹೊಸ ಮೊರಕ್ಕೆ ಜೀವಂತವಾಗಿಯೇ ಕಟ್ಟುವರು. ಕಪ್ಪೆ ಕಾಣುವಂತೆ ಬಿಟ್ಟು ಸುತ್ತ ಬೇವಿನ ಸೊಪ್ಪನ್ನು ಹರವುವರು. ಕಪ್ಪೆಯಮ್ಮನಿಗೆ ಮೀಯಲು ನೀರು ಬೇಕೆಂದು ಹಾಡುತ್ತ ಬಾಗಿಲಿಂದ ಬಾಗಿಲಿಗೆ ಹೋಗುವರು. ಆಯಾ ಮನೆಯೊಡತಿ ಕಪ್ಪೆಯ ಮೇಲೆ ನೀರು ಸುರಿದು, ಬಂದವರಿಗೆ ಏನಾದರೂ ನೀಡಿ ಕಳುಹುವಳು. ಯಾದಗಿರಿಯ ಮೂಡಣ ಭಾಗ ತೆಲುಗು ನುಡಿಯ ಸೀಮೆಗೆ ಅಂಟಿಕೊಂಡಿದೆ. ಗುರುಮಠಕಲ್ಲಿನ ಕಡೆಯ ಸಂತೆಗಳಲ್ಲಿ ಎರಡೂ ನುಡಿಗಳು ಕೇಳುತ್ತವೆ. ಪಡುವಣಕ್ಕೆ ಬಂದಂತೆ ಉತ್ತರ ಕರ್ನಾಟಕದ ಗುರ್ಜಿಯ ಪದ್ಧತಿ ಎದುರಾಗುತ್ತದೆ. ಅಲ್ಲಿ ಹಂಚಿನ ಮೇಲೆ ಸಗಣಿಯದೋ ಮಣ್ಣಿನದೋ ಗುರ್ಜಿಯನ್ನು ಮಾಡಿ, ಗರಿಕೆ ಸಿಕ್ಕಿಸಿ, ತಲೆಯ ಮೇಲೆ ಹೊತ್ತು ಊರಾಡುವರು. ಮನೆಯವರು ಹೊತ್ತವನ ನೆತ್ತಿಯ ಮೇಲೆ ಕೊಡದ ನೀರನ್ನು ಸುರಿದು ಜೋಳ ನೀಡುವರು. ಒಂದರಲ್ಲಿ ಕಪ್ಪೆಯುಂಟು, ಇನ್ನೊಂದರಲ್ಲಿ ಇಲ್ಲ. ಬಾಗಿಲಲ್ಲಿ ನೀರು ಸುರಿಯುವ ಕ್ರಿಯೆ ಎರಡಕ್ಕೂ ಸಮಾನ. ಕಪ್ಪೆಗಳಿಗೆ ಮದುವೆ ಮಾಡುವ ರೂಢಿಯೂ ಬಯಲುಸೀಮೆಯ ಹಲವೆಡೆ ಉಂಟು.

ಜೇಮ್ಸ್ ಫ್ರೇಜರ್ ತನ್ನ ‘ಸುವರ್ಣ ಶಾಖೆ’ ಎಂಬ ಮಹಾಗ್ರಂಥದಲ್ಲಿ ಥರ್ಸ್ಟನ್ನನ ಈ ವೃತ್ತಾಂತವನ್ನು ಎತ್ತಿಕೊಂಡು, ಕಪ್ಪೆ ನೀರಿನ ಕಾವಲುಗಾರನೆಂಬ ನಂಬಿಕೆಯಿಂದಲೂ ಮಳೆಯನ್ನು ಅನುಕರಿಸಿ ಮಳೆಯನ್ನು ಕರೆಯುವ ಮಾಟದ ಭಾವನೆಯಿಂದಲೂ ಇದು ಹುಟ್ಟಿತೆಂದು ವ್ಯಾಖ್ಯಾನಿಸಿದನು. ಈ ವ್ಯಾಖ್ಯಾನವನ್ನು ಪಠ್ಯಪುಸ್ತಕಗಳು ಇಂದಿಗೂ ಪುನರುಕ್ತಿಸುತ್ತಿವೆ. ನಾವು ಇದನ್ನು ಪೂರ್ತಿಯಾಗಿ ನಿರಾಕರಿಸುವವರಲ್ಲ. ಆದರೆ ಫ್ರೇಜರನು ತನ್ನ ಗ್ರಂಥಾಲಯದಲ್ಲಿ ಕುಳಿತು ನೋಡಲಾರದಿದ್ದ ಒಂದು ಸಂಗತಿಯುಂಟು. ರೋಹಿಣಿ ಮಳೆ ತಪ್ಪಿದ ದಿನಗಳಲ್ಲಿ ಈ ಸೀಮೆಯ ಬಿಸಿಲು ೪೦ ಡಿಗ್ರಿಯನ್ನು ಮೀರಿರುತ್ತದೆ. ಆ ಬಿಸಿಲಿನಲ್ಲಿ ಮೊರಕ್ಕೆ ಕಟ್ಟಿದ ಕಪ್ಪೆಯು, ನೀರಿಲ್ಲದಿದ್ದರೆ, ಬಲುಬೇಗ ಒಣಗಿ ಸಾಯುವುದು. ಬಾಗಿಲಿಗೊಂದು ಚೊಂಬು ನೀರು ಬೀಳುವುದರಿಂದಲೇ, ಬೇವಿನ ಹಸಿ ಸೊಪ್ಪು ಅದರ ಮೈಗೆ ನೆರಳಾಗಿ ತೇವವನ್ನು ಹಿಡಿದಿಡುವುದರಿಂದಲೇ ಅದು ಊರಿನ ಕೊನೆಯ ಮನೆಯವರೆಗೆ ಬದುಕಿ ಉಳಿಯುತ್ತದೆ. ಹಾಡಿನಲ್ಲಿ ಕಪ್ಪೆಯಮ್ಮ ಮೀಯಬೇಕೆನ್ನುವುದು ಕೇವಲ ಅಲಂಕಾರದ ಮಾತಲ್ಲ. ಆ ಪ್ರಾಣಿಗೆ ಮೀಯುವುದೂ ಕುಡಿಯುವುದೂ ಒಂದೇ. ಟೌನ್ಸನ್ ಪ್ರಯೋಗದಿಂದ ಕಂಡುದನ್ನು ಇಲ್ಲಿಯ ಹೆಂಗಸರು ಮೊರದ ಮೇಲೆ ಕಂಡಿದ್ದರು ಎಂದರೆ ಅತಿಶಯೋಕ್ತಿಯಾಗಲಾರದು.

ಇನ್ನೊಂದು ಅಂಶವನ್ನೂ ಗಮನಿಸಬೇಕು. ೧೭೯೧–೯೨ರ ಡೋಗಿ ಬರ, ೧೮೭೬–೭೮ರ ಮಹಾಕ್ಷಾಮ, ನಮ್ಮ ಹಿರಿಯರು ಕಂಡ ೧೯೭೨ರ ಬರ ಇವೆಲ್ಲವೂ ದಖ್ಖನ್ನಿನ ಈ ಭಾಗವನ್ನು ಬಹಳವಾಗಿ ಬಾಧಿಸಿದವು. ಅಂತಹ ಕಾಲದಲ್ಲಿ ಒಂದು ಕೊಡ ನೀರಿನ ಬೆಲೆ ಏನೆಂಬುದನ್ನು ಹೊತ್ತವರೇ ಬಲ್ಲರು. ತನ್ನ ಮನೆಯವರಿಗೇ ಸಾಲದ ನೀರಿನಲ್ಲಿ ಒಂದು ಚೊಂಬನ್ನು ಕಪ್ಪೆಗೆ ಸುರಿಯುವುದು ಅಗ್ಗದ ಕೆಲಸವಾಗಿರಲಿಲ್ಲ. ಈ ಆಚರಣೆಯನ್ನು ಮೌಢ್ಯವೆಂದು ತಳ್ಳಿಹಾಕುವವರು ಇದನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಸನಾತನ ವಿಜ್ಞಾನವೆಂದು ಹೊಗಳುವವರು ಮೊರಕ್ಕೆ ಕಟ್ಟಿದ ಕಪ್ಪೆಯ ಸಂಕಟವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಪಟ್ಟಣಗಳಲ್ಲಿ ಇದು ಇತ್ತೀಚೆಗೆ ವಿನೋದದ ರೂಪವನ್ನು ತಾಳಿರುವುದೂ ನಿಜ. ೨೦೧೯ರ ಜೂನಿನಲ್ಲಿ ಉಡುಪಿಯಲ್ಲಿ ವರುಣ, ವರ್ಷಾ ಎಂಬ ಹೆಸರಿಟ್ಟು ಎರಡು ಕಪ್ಪೆಗಳಿಗೆ ವಿಧ್ಯುಕ್ತವಾಗಿ ವಿವಾಹ ಮಾಡಿದರು. ಅದೇ ವರ್ಷ ಭೋಪಾಲದಲ್ಲಿ ಮಳೆ ಅತಿಯಾಯಿತೆಂದು, ಮೊದಲು ಮದುವೆಯಾಗಿದ್ದ ಕಪ್ಪೆಗಳಿಗೆ ವಿಚ್ಛೇದನವನ್ನೂ ಕೊಡಿಸಿದರು! ಇವುಗಳಿಂದ ಹಳ್ಳಿಯ ಆಚರಣೆಯ ಅರ್ಥವನ್ನು ನಿರ್ಣಯಿಸಲಾಗದು.

ಕಪ್ಪೆಯನ್ನು ಕುರಿತ ಈ ಲೋಕಜ್ಞಾನವು ಗ್ರಂಥಗಳಿಗೆ ಏರಿದ ಒಂದು ಉದಾಹರಣೆ ಇಲ್ಲಿ ಪ್ರಸ್ತುತವಾಗಿದೆ. ಋಗ್ವೇದದ ಏಳನೆಯ ಮಂಡಲದ ಮಂಡೂಕಸೂಕ್ತ ಎಲ್ಲರೂ ಬಲ್ಲದ್ದು. ಅಷ್ಟು ಪ್ರಸಿದ್ಧವಲ್ಲದಿದ್ದರೂ ನಮ್ಮ ವಿಷಯಕ್ಕೆ ಹೆಚ್ಚು ಹತ್ತಿರವಾದುದು ಆರನೆಯ ಶತಮಾನದ ವರಾಹಮಿಹಿರನ ‘ಬೃಹತ್ಸಂಹಿತೆ’ಯ ದಕಾರ್ಗಳವೆಂಬ ಅಧ್ಯಾಯ. ನೆಲದಡಿಯ ನೀರನ್ನು ಗುರುತಿಸುವ ಕ್ರಮವನ್ನು ಹೇಳುವಾಗ ಅವನು, ಬೆತ್ತದ ಗಿಡದ ಬಳಿ ಅಗೆಯುತ್ತ ಅರ್ಧ ಪುರುಷ ಪ್ರಮಾಣಕ್ಕೆ ಇಳಿದಾಗ ಬಿಳುಪು ಬಣ್ಣದ ಕಪ್ಪೆ ದೊರೆಯುವುದೆಂದೂ, ಅದರ ಕೆಳಗೆ ಹಳದಿ ಮಣ್ಣು, ಬಳಿಕ ಕಲ್ಲು, ಅದರಡಿಯಲ್ಲಿ ನೀರು ಇರುವುದೆಂದೂ ಹೇಳುತ್ತಾನೆ. ಪುರುಷವೆಂದರೆ ಕೈಯೆತ್ತಿ ನಿಂತ ಆಳಿನ ಎತ್ತರ. ಓದಿದವರು ಇದನ್ನು ಕಲ್ಪನೆಯೆಂದು ಭಾವಿಸುವುದುಂಟು. ಬಿಲಗಪ್ಪೆಯ ನಡವಳಿಕೆಯನ್ನು ಬಲ್ಲವರಿಗೆ, ಬಾವಿ ತೋಡುವವರ ಗುದ್ದಲಿಗೆ ಕಪ್ಪೆ ಸಿಕ್ಕುವುದರಲ್ಲಿ ಆಶ್ಚರ್ಯವೇನೂ ಇಲ್ಲ. ಕಲ್ಯಾಣ ಚಾಲುಕ್ಯರ ಜಯಸಿಂಹನ ಆಶ್ರಯದಲ್ಲಿದ್ದ ಚಾವುಂಡರಾಯನು ಕ್ರಿ.ಶ. ೧೦೨೫ರ ಸುಮಾರಿನಲ್ಲಿ ರಚಿಸಿದ ‘ಲೋಕೋಪಕಾರ’ವು ಈ ಜಲಶೋಧನೆಯ ವಿದ್ಯೆಯನ್ನು ಕನ್ನಡಕ್ಕೆ ತಂದಿತು. ಯಾದಗಿರಿ ಶಹಾಪುರಗಳ ನಾಡು ಆ ಚಾಲುಕ್ಯರ ರಾಜ್ಯದೊಳಗೆಯೇ ಇದ್ದಿತೆಂಬುದನ್ನು ನೆನೆದರೆ, ಆ ಗ್ರಂಥವು ಯಾವ ಬಗೆಯ ನೆಲಕ್ಕಾಗಿ ಬರೆಯಲ್ಪಟ್ಟಿತೆಂಬುದು ಸ್ಪಷ್ಟವಾಗುವುದು. (ಬಾದಾಮಿಯ ಕಪ್ಪೆ ಅರಭಟ್ಟನ ಶಾಸನವನ್ನು ಈ ಪ್ರಸಂಗದಲ್ಲಿ ಉದಾಹರಿಸಲು ವಿದ್ಯಾರ್ಥಿಗಳು ಆತುರಪಡುವುದುಂಟು. ಆ ಹೆಸರಿನ ಸಾದೃಶ್ಯವೊಂದರ ಮೇಲೆಯೇ ಏನನ್ನೂ ಕಟ್ಟಬಾರದು.)

ನೆಲಗಪ್ಪೆಯ ಈ ಎಡೆ ಕಳೆದುಹೋದದ್ದು ನಮ್ಮ ಕಾಲದಲ್ಲಿ. ಕೃಷ್ಣಾ ಮೇಲ್ದಂಡೆ ಯೋಜನೆಯ ಅಂಗವಾಗಿ ನಾರಾಯಣಪುರದ ಅಣೆಕಟ್ಟು ೧೯೮೨ರಲ್ಲಿ ಮುಗಿಯಿತು. ಎಡದಂಡೆಯ ಕಾಲುವೆ ಸುರಪುರ ಶಹಾಪುರಗಳ ಜೋಳದ ಹೊಲಗಳಿಗೆ ನೀರನ್ನು ತಂದಿತು. ಬತ್ತದ ಗದ್ದೆಗಳು ಹರಡಿದವು. ಹೊರಗೆ ನೀರು ಹೆಚ್ಚಿತು. ಅದೇ ಕಾಲಕ್ಕೆ ಮನೆಯೊಳಗಿನ ತಂಪು ಕಡಿಮೆಯಾಯಿತು. ಹರವಿಯ ಬದಲು ನಳ, ಚಪ್ಪಡಿಯ ಬದಲು ಸಿಮೆಂಟು, ಬಚ್ಚಲ ನೀರಿಗೆ ಮುಚ್ಚಿದ ಕೊಳವೆ. ಗದ್ದೆಗೆ ಹೊಡೆಯುವ ಔಷಧಗಳು ಹುಳುಗಳನ್ನು ಕೊಲ್ಲುತ್ತವೆ, ಅವುಗಳ ವಿಷ ಕಪ್ಪೆಯ ತೆಳುಚರ್ಮದಿಂದ ಒಳಗೂ ಇಳಿಯುತ್ತದೆ. ಕೆರೆಯನ್ನೂ ಕಾಲುವೆಯನ್ನೂ ಲೆಕ್ಕ ಹಾಕುವವರು ನೀರು ಹೆಚ್ಚಿತೆಂದು ಬರೆಯುವರು. ಕಪ್ಪೆಯ ಕಡೆಯಿಂದ ನೋಡಿದರೆ ಚರಿತ್ರೆ ಬೇರೆಯಾಗಿ ಕಾಣುವುದು.

ವಿದ್ಯಾಸಂಸ್ಥೆಗಳಲ್ಲಿ ಕಪ್ಪೆಯ ಗತಿ ಏನಾಯಿತೆಂಬುದನ್ನೂ ಎರಡು ಮಾತಿನಲ್ಲಿ ಹೇಳಬೇಕು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಪ್ರಾಣಿಶಾಸ್ತ್ರ ಪ್ರಾಧ್ಯಾಪಕರೂ, ೧೯೩೨ರಲ್ಲಿ ಆರಂಭವಾದ ‘ಕರೆಂಟ್ ಸೈನ್ಸ್’ ಪತ್ರಿಕೆಯ ಮೊದಲ ಸಂಪಾದಕರೂ ಆದ ಸಿ. ಆರ್. ನಾರಾಯಣರಾಯರು ದಕ್ಷಿಣ ಭಾರತದ ಅನೇಕ ಹೊಸ ಕಪ್ಪೆಗಳನ್ನು ೧೯೩೭ರಲ್ಲಿ ವರ್ಣಿಸಿದರು. ಅವರ ಗಮನ ಹೆಚ್ಚಾಗಿ ಹರಿದದ್ದು ಪಶ್ಚಿಮಘಟ್ಟದ ಕಡೆಗೆ. ಬಯಲುಸೀಮೆಯ ಕಪ್ಪೆ ಕಾಲೇಜಿಗೆ ಬಂದುದು ಬಹುಮಟ್ಟಿಗೆ ಛೇದನದ ತಟ್ಟೆಯ ಮೇಲೆ ಮಲಗಲಿಕ್ಕೆ. ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ೨೦೧೪ರಲ್ಲಿ ಅದನ್ನು ನಿಲ್ಲಿಸಿತು. ದೊಡ್ಡ ಕಪ್ಪೆಯ ಕಾಲುಗಳನ್ನು ಹೊರದೇಶಗಳ ಊಟದ ಮೇಜಿಗೆ ಕಳುಹುವ ವ್ಯಾಪಾರವಂತ್ರೂ ೧೯೮೧ರಲ್ಲಿ ೪,೦೦೦ ಟನ್ನುಗಳನ್ನು ಮೀರಿದ್ದಿತು. ಭಾರತ ಸರ್ಕಾರ ೧೯೮೭ರಲ್ಲಿ ಅದನ್ನು ನಿಷೇಧಿಸಿತು.

ಹೀಗಿರುವಾಗ, ಕಪ್ಪೆಯನ್ನು ಮನೆಯಲ್ಲಿ ಸಾಕಿ ಅಭ್ಯಸಿಸಬಹುದೇ ಎಂದು ವಿದ್ಯಾರ್ಥಿಗಳು ಕೇಳಿದರೆ ಏನು ಹೇಳಬೇಕು? ಗಾಜಿನ ಪೆಟ್ಟಿಗೆಯಲ್ಲಿ ಕಪ್ಪೆಗಳನ್ನು ಇರಿಸಿಕೊಳ್ಳುವ ಪದ್ಧತಿ ಈಗ ಹೊರದೇಶಗಳಲ್ಲಿ ಸಾಮಾನ್ಯವಾಗಿದೆ. ನಮ್ಮಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಅನುಸೂಚಿಗಳಲ್ಲಿ ಕಪ್ಪೆಗಳೂ ಸೇರಿವೆ. ಹೊಲಗದ್ದೆಗಳಿಂದ ಅವನ್ನು ಹಿಡಿದು ತಂದು ಕೂಡಿಹಾಕುವುದು ಸರಿಯಾದ ದಾರಿಯಲ್ಲ. ಈ ಸೀಮೆಯ ಹಳೆಯ ಕ್ರಮವೇ ಮೇಲೆಂಬುದು ನಮ್ಮ ಅಭಿಪ್ರಾಯ. ಎಂದರೆ, ಪ್ರಾಣಿಯನ್ನು ತರುವುದಲ್ಲ. ಅದು ತಾನಾಗಿ ಬರುವಂತಹ ಎಡೆಯನ್ನು ಮಾಡಿಕೊಡುವುದು.

ಅದಕ್ಕೆ ಬೇಕಾಗುವುದು ಅತ್ಯಲ್ಪ. ಬಾಯಿ ಒಡೆದ ಹಳೆಯ ಗಡಿಗೆಯೊಂದನ್ನು ಹಿತ್ತಿಲಿನ ನೆರಳಿನಲ್ಲಿ ಮಗ್ಗುಲಾಗಿ ಮಲಗಿಸಿ, ಅರ್ಧದವರೆಗೆ ಸಡಿಲ ಮಣ್ಣನ್ನು ತುಂಬಬೇಕು. ಮಣ್ಣು ತೇವವಾಗಿರಬೇಕು, ಕೆಸರಾಗಬಾರದು. ಗಡಿಗೆಯ ಮೈ ನೀರನ್ನು ಹೀರಿ ಬಿಡುವುದರಿಂದ ಒಳಗೆ ತಾನಾಗಿ ತಂಪಿರುತ್ತದೆ. ಎದುರಿಗೆ ಎರಡು ಬೆರಳಿನಷ್ಟು ಆಳದ ಮಣ್ಣಿನ ಪರಿಯಾಣದಲ್ಲಿ ನೀರಿಟ್ಟರೆ ಸಾಕು. ನೆಲಗಪ್ಪೆ ಒಳ್ಳೆಯ ಈಜುಗಾರನಲ್ಲ, ಆಳವಾದ ನುಣುಪು ಪಾತ್ರೆಯಲ್ಲಿ ಬಿದ್ದರೆ ಏರಿ ಬರಲಾರದು. ನಳದ ನೀರಿನಲ್ಲಿ ಕ್ಲೋರಿನ್ ಬೆರೆತಿರುವುದರಿಂದ ಅದನ್ನು ಅಗಲವಾದ ಪಾತ್ರೆಯಲ್ಲಿ ಒಂದು ದಿನ ತೆರೆದಿಟ್ಟು ಬಳಸುವುದು ಒಳಿತು. ಸಾಬೂನು, ಉಪ್ಪು ಬೆರೆತ ನೀರು ಆ ಕಡೆಗೆ ಹರಿಯಲೇಬಾರದು. ಆಹಾರವನ್ನು ಕೊಡುವ ಅಗತ್ಯವಿಲ್ಲ. ಕೊಟ್ಟರೂ ಅಲುಗಾಡದ ಹುಳುವನ್ನು ಅದು ಮುಟ್ಟುವುದಿಲ್ಲ. ಇರುವೆ, ಗೆದ್ದಲು, ದುಂಬಿಗಳನ್ನು ಅದೇ ಹುಡುಕಿಕೊಳ್ಳುವುದು. ಹೊಲಕ್ಕೆ ಹೊಡೆಯುವ ಔಷಧವನ್ನು ಹಿತ್ತಿಲಿಗೆ ತರದಿದ್ದರಾಯಿತು. ಕಣ್ಣಿನ ಹಿಂದಣ ಗ್ರಂಥಿಗಳಿಂದ ಬಿಳಿಯ ವಿಷದ್ರವ ಹೊರಡುವುದರಿಂದ ಅದನ್ನು ಹಿಡಿಯಬಾರದು. ಹಿಡಿಯಬೇಕಾಗಿ ಬಂದರೆ, ತಣ್ಣೀರಿನಲ್ಲಿ ನೆನೆದ ಕೈಗಳಿಂದ ಹಿಡಿದು, ಬಿಟ್ಟ ಕೂಡಲೇ ಕೈ ತೊಳೆಯಬೇಕು. ಕಚ್ಚಿದ ನಾಯಿ ಬಾಯಲ್ಲಿ ನೊರೆ ಸುರಿಸುವುದು ಈ ದ್ರವದಿಂದಲೇ. ಆಗಾಗ ಅದು ತನ್ನ ಹಳೆಯ ಚರ್ಮವನ್ನು ಕಳಚಿ, ಬಾಯಿಂದ ಎಳೆದುಕೊಂಡು ನುಂಗುವುದು; ರೋಗವೆಂದು ಬೆದರಬೇಕಾಗಿಲ್ಲ.

ಮೃಗಶಿರೆಯ ಮಳೆ ಚೆನ್ನಾಗಿ ಬಿದ್ದ ರಾತ್ರಿ ಗಡಿಗೆ ಬರಿದಾಗುವುದು. ಗಂಡು ಕಪ್ಪೆಗಳು ನಿಂತ ನೀರಿನ ಅಂಚಿಗೆ ಹೋಗಿ ಕೂಗುವುವು, ಹೆಣ್ಣುಗಳು ಆ ದನಿಯನ್ನು ಅನುಸರಿಸಿ ಬರುವುವು. ಮೊಟ್ಟೆಗಳು ಅಂಟಿನ ಎರಡು ಉದ್ದನೆಯ ಎಳೆಗಳಲ್ಲಿ, ಕಪ್ಪು ಮಣಿಗಳನ್ನು ಪೋಣಿಸಿದಂತೆ, ನೀರಿನ ಗಿಡಗಳಿಗೆ ಸುತ್ತಿಕೊಂಡಿರುವುವು. ಕೆಲವು ದಿನಗಳ ಬಳಿಕ ಆ ಹೊಂಡದ ಅಂಚಿನಲ್ಲಿ ಗೊದಮೊಟ್ಟೆಗಳು ಗುಂಪುಗುಂಪಾಗಿ ಕಾಣುವುವು. ಹೋದ ಕಪ್ಪೆಗಳಲ್ಲಿ ಕೆಲವು ಮಳೆ ತಗ್ಗಿದ ಮೇಲೆ ಅದೇ ಗಡಿಗೆಗೆ ಮರಳುವುದೂ ಉಂಟು.